ಪರೋಪಕಾರವೂ ಪರೀಕ್ಷೆಯೂ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ‘ಸ್ಪರ್ಧೆಯೇ ವಿದ್ಯೆಗೆ ಪ್ರೇರಣೆ’ ಎಂಬ ವಿಷಯವನ್ನು ಇಟ್ಟಿದ್ದರು. ನಾನು ಪರವಾಗಿ ಮಾತನಾಡಿದೆ. ಎರಡನೆಯ ಬಹುಮಾನವೂ ಬಂತು. ಬಹುಮಾನದ ಸ್ಟೀಲಿನ ಲೋಟ ಈಗ ನಮ್ಮ ಮನೆಯಲ್ಲಿದೆ. ಬಂದವರಿಗೆ ಅವ್ವ ಅದರಲ್ಲಿಯೇ ನೀರು ಕೊಟ್ಟು, ಅದು ಎಲ್ಲಿಂದ ಬಂತೆಂದು ಅವರು ಕೇಳುವವರೆಗೂ ಅಲ್ಲಿಯೇ ನಿಂತಿರುತ್ತಾಳೆ. ಆದರೆ ನಿಜ ಹೇಳಬೇಕೆಂದರೆ, ಅಂದು ವೇದಿಕೆಯ ಮೇಲೆ ಆಡಿದ ಮಾತನ್ನು ನಾನೇ ನಂಬಿರಲಿಲ್ಲ. ನಮ್ಮ ಪಾಲಿಗೆ ‘ಪರ’ ಎಂಬ ಚೀಟಿ ಬಂತು, ಮಾತನಾಡಿದೆವು, ಅಷ್ಟೆ. ಇದು ನನ್ನ ಕಾಲೇಜಿನ ಕೊನೆಯ ವರ್ಷ. ಹೋಗುವ ಮುನ್ನ ಆ ಮಾತಿಗೆ ನಾನೇ ಒಂದು ಪ್ರತ್ಯುತ್ತರ ಬರೆದು ಹೋಗೋಣವೆಂದು ಸಂಪಾದಕರಲ್ಲಿ ನಾಲ್ಕಾರು ಪುಟಗಳ ಸ್ಥಳವನ್ನು ಬೇಡಿದ್ದೇನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಪ್ಪ ಮೂರನೆಯ ತರಗತಿಯವರೆಗೆ ಓದಿದವನು, ಅವ್ವನದು ಹೆಬ್ಬೆಟ್ಟು. ಕೂಡ್ಲಿಗಿಯ ಕಡೆಯ ಮಳೆಯಾಶ್ರಿತ ಭೂಮಿ; ಶೇಂಗಾ ಬಂದರೆ ಬಂತು, ಇಲ್ಲವಾದರೆ ಊರಿನ ಅರ್ಧ ಗುಳೆ ಹೋಗುತ್ತದೆ. ಇಂಥ ಮನೆಯಿಂದ ಒಬ್ಬ ಹುಡುಗ ಬಿ.ಎ. ಅಂತಿಮ ವರ್ಷಕ್ಕೆ ಬಂದನೆಂದರೆ, ಊರವರು ‘ಹುಡುಗ ಜಾಣ’ ಎನ್ನುತ್ತಾರೆ. ಕೇಳುವುದಕ್ಕೆ ಹಿತವಾದ ಮಾತು. ಆದರೆ ಲೆಕ್ಕ ತೆಗೆದು ನೋಡಿದರೆ ಈ ಜಾಣತನದಲ್ಲಿ ನನ್ನ ಪಾಲು ಎಷ್ಟು, ಇತರರ ಪಾಲು ಎಷ್ಟು ಎಂಬುದು ಬೇರೆಯೇ ಆಗಿ ಕಾಣುತ್ತದೆ.

ಐದನೆಯ ತರಗತಿಯಲ್ಲಿ ನನಗೆ ಭಿನ್ನರಾಶಿ ತಿಳಿಯುತ್ತಿರಲಿಲ್ಲ. ಅಂಶ, ಛೇದ ಎಂಬ ಮಾತುಗಳನ್ನು ಕೇಳಿದರೇ ಕೈ ಬೆವರುತ್ತಿತ್ತು. ನಮ್ಮ ಶಾಲೆಯಲ್ಲಿ ಗುರುಗಳು ಸಾಲದೆ ಐದು ಮತ್ತು ಏಳನೆಯ ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸುತ್ತಿದ್ದರು. ಏಳನೆಯ ತರಗತಿಯ ಸಾಲಿನಲ್ಲಿ ನಮ್ಮ ಓಣಿಯ ಅಕ್ಕನೊಬ್ಬಳಿದ್ದಳು. ಸ್ವಂತ ಅಕ್ಕನಲ್ಲ, ನಮ್ಮ ಕಡೆ ಓಣಿಯ ಹಿರಿಯ ಹುಡುಗಿಯರೆಲ್ಲ ಅಕ್ಕಂದಿರೇ. ಸೊಂಟದ ಮೇಲೆ ಯಾವಾಗಲೂ ಪುಟ್ಟ ತಮ್ಮನನ್ನು ಇಟ್ಟುಕೊಂಡು ಬರುವವಳು. ಬಿಸಿಯೂಟದ ಬಿಡುವಿನಲ್ಲಿ ನಾನು ಸ್ಲೇಟು ಹಿಡಿದು ಕಂಬಕ್ಕೆ ಒರಗಿದ್ದುದನ್ನು ಕಂಡು ಒಂದು ದಿನ ಅವಳಾಗಿಯೇ ಬಂದು ಕುಳಿತಳು.

“ಯಾಕಲೇ ತಮ್ಮಾ, ಇಷ್ಟಕ್ಕ ಅಳ್ತಿಯಲ್ಲ? ಕೆಳಗಿನ ಅಂಕಿ ರೊಟ್ಟಿ ಎಷ್ಟು ತುಂಡು ಆಗೈತಿ ಅಂತ ಹೇಳತೈತಿ. ಮ್ಯಾಲಿನದು ನಿನ್ನ ಗಂಗಾಳಕ್ಕ ಎಷ್ಟು ಬಿತ್ತು ಅಂತ ಹೇಳತೈತಿ. ತಿಳೀತಾ?”

ತಿಳಿಯಿತು. ಅಂದಿನಿಂದ ಬೇಸಿಗೆಯ ರಜೆಯವರೆಗೂ ಆ ಜಗಲಿಯ ಶಾಲೆ ನಡೆಯಿತು. ಅವಳ ತಮ್ಮ ನನ್ನ ಬಳಪಗಳನ್ನು ತಿಂದುಹಾಕಿದುದನ್ನು ಬಿಟ್ಟರೆ ಅದಕ್ಕೆ ನಾನು ತೆತ್ತ ಫೀಜು ಏನೂ ಇಲ್ಲ.

ನನ್ನೊಬ್ಬನ ಅನುಭವವನ್ನೇ ಸಿದ್ಧಾಂತ ಮಾಡುತ್ತಿದ್ದೇನೆಂದು ಓದುಗರು ನಗಬಾರದು. ಇತಿಹಾಸ ನನ್ನ ಐಚ್ಛಿಕ ವಿಷಯ. ನಮ್ಮ ಗುರುಗಳು ಒಂದು ದಿನ ಪಾಠದ ನಡುವೆ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬ ಆಂಗ್ಲ ಅಧಿಕಾರಿಯ ಮಾತು ತೆಗೆದರು. ಮದ್ರಾಸು ಸರ್ಕಾರದವರು ಊರೂರಿನ ಶಾಲೆಗಳ ಲೆಕ್ಕ ಕೇಳಿದಾಗ ಈತ 1823ರ ಆಗಸ್ಟಿನಲ್ಲಿ ಒಂದು ವರದಿಯನ್ನು ಕಳುಹಿಸಿದ. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಅನಂತಪುರದ ಸೀಮೆಯೂ ಅದರಲ್ಲಿಯೇ ಸೇರಿತ್ತು. ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು ಎಂದು ಅವನ ಲೆಕ್ಕ. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು 226. ಇಂಗ್ಲಿಷ್ ಶಾಲೆ ಒಂದೇ ಒಂದು. ನನ್ನ ಕುತೂಹಲ ಕೆರಳಿಸಿದ್ದು ಈ ಸಂಖ್ಯೆಗಳಲ್ಲ. ಆ ಶಾಲೆಗಳಲ್ಲಿ ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತಿದ್ದರೆಂದೂ, ಹಾಗೆ ಕಲಿಸುವುದರಿಂದ ಕಲಿಸುವ ಹುಡುಗನ ಸ್ವಂತ ವಿದ್ಯೆಯೂ ಗಟ್ಟಿಯಾಗುತ್ತಿತ್ತೆಂದೂ, ಈ ಕ್ರಮ ಮೆಚ್ಚತಕ್ಕದ್ದೆಂದೂ, ಇಂಗ್ಲೆಂಡಿನವರು ಇದನ್ನು ಅನುಸರಿಸಿದ್ದು ಸರಿಯಾಗಿಯೇ ಇದೆಯೆಂದೂ ಆತ ಬರೆದಿದ್ದಾನೆ. ನಮ್ಮ ಹಿರಿಯರು ಹೇಳುವ ಕೂಲಿಮಠವೆಂದರೆ ಇದೇ. ಅಕ್ಕನ ಜಗಲಿಯ ಶಾಲೆಗೆ ಇನ್ನೂರು ವರ್ಷಗಳ ವಂಶಾವಳಿ ಇದೆಯೆಂದು ತಿಳಿದಾಗ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ!

ಇಂಗ್ಲೆಂಡಿನವರು ಅನುಸರಿಸಿದ ಕಥೆಯೂ ಸ್ವಾರಸ್ಯವಾಗಿದೆ. ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ. ಈ ದೇಶದ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ಕಂಡು, ಅದನ್ನೂ ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವುದನ್ನೂ ತನ್ನ ಶಾಲೆಯಲ್ಲಿ ತಂದ. 1797ರಲ್ಲಿ ಲಂಡನ್ನಿನಲ್ಲಿ ಇದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ‘ಮದ್ರಾಸ್ ಪದ್ಧತಿ’ ಎಂದೇ ಅದಕ್ಕೆ ಅಲ್ಲಿ ಹೆಸರಾಯಿತು. ಜೋಸೆಫ್ ಲ್ಯಾಂಕಾಸ್ಟರ್ ಎಂಬ ಇನ್ನೊಬ್ಬ ಇಂಥದ್ದನ್ನೇ ಲಂಡನ್ನಿನಲ್ಲಿ ಬೆಳೆಸಿ, ಒಬ್ಬ ಮಾಸ್ತರು ನೂರಾರು ಮಕ್ಕಳನ್ನು ಆಳುವಂತೆ ಮಾಡಿದ. ಆಳುವಂತೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಏಕೆಂದರೆ ಅಲ್ಲಿಗೆ ಹೋಗುವ ಹೊತ್ತಿಗೆ ನೆರವು ಹೋಗಿ ಮೇಲ್ವಿಚಾರಣೆ ಬಂದಿತ್ತು. ತಪ್ಪು ಮಾಡಿದ ಹುಡುಗನನ್ನು ಬುಟ್ಟಿಯಲ್ಲಿ ಕೂರಿಸಿ ತೊಲೆಗೆ ತೂಗುಹಾಕುವ ಶಿಕ್ಷೆಯೂ ಅವನ ಪದ್ಧತಿಯಲ್ಲಿತ್ತು. ಕಡಿಮೆ ಖರ್ಚಿನಲ್ಲಿ ಹೆಚ್ಚು ಮಕ್ಕಳು: ಇದು ಲೆಕ್ಕಪತ್ರದ ದೃಷ್ಟಿ. ಅಕ್ಕನಿಗೆ ಅಂಥ ಯಾವ ದೃಷ್ಟಿಯೂ ಇರಲಿಲ್ಲ. ಅಳುವ ಹುಡುಗನೊಬ್ಬ ಕಣ್ಣಿಗೆ ಬಿದ್ದ, ಬಂದು ಕುಳಿತಳು.

ನಮ್ಮ ಕೂಲಿಮಠಗಳೇನೂ ದಯೆಯ ತವರಾಗಿದ್ದವೆಂದು ಹೇಳುವಂತಿಲ್ಲ. ಅದೇ ಕ್ಯಾಂಬೆಲ್ಲನ ವರದಿಯಲ್ಲಿ ಇನ್ನೊಂದು ವಿಷಯವಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ನಲವತ್ತನೆಯವನ ಗತಿಯನ್ನು ಊಹಿಸಿಕೊಳ್ಳಿ! ಅಂತೂ ನಮ್ಮ ರ್‍ಯಾಂಕು ಪದ್ಧತಿ ವಿಶ್ವವಿದ್ಯಾನಿಲಯಗಳು ಬಂದ ಮೇಲೆ ಹುಟ್ಟಿದ್ದಲ್ಲ. ಮತ್ತೂ ಒಂದು ಲೆಕ್ಕ: ಆ 6,641 ಮಂದಿಯಲ್ಲಿ ಹೆಣ್ಣುಮಕ್ಕಳು ಕೇವಲ 60. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಈ ಕಾಲದ ಪಂಡಿತರು ಏನು ಹೇಳುತ್ತಾರೆಂದು ನೋಡೋಣ. ನಾನೇನೂ ಮನಶ್ಶಾಸ್ತ್ರ ಓದಿದವನಲ್ಲ. ಆದರೂ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತು ಹುಡುಕಿದಾಗ ಒಂದೆರಡು ಸಂಗತಿಗಳು ಸಿಕ್ಕಿದವು. ಇಟಲಿಯ ಕಪ್ರಾರಾ ಎಂಬವರೂ ಅವರ ಸಂಗಡಿಗರೂ ರೋಮ್ ನಗರದ ಬಳಿಯ ಒಂದು ಊರಿನಲ್ಲಿ 294 ಮಕ್ಕಳನ್ನು ಮೂರನೆಯ ತರಗತಿಯಲ್ಲಿ ನೋಡಿ, ಐದು ವರ್ಷಗಳ ನಂತರ ಎಂಟನೆಯ ತರಗತಿಯಲ್ಲಿ ಮತ್ತೆ ನೋಡಿದರು. 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವ ಮಗು ತನ್ನಲ್ಲಿರುವುದನ್ನು ಹಂಚಿಕೊಳ್ಳುತ್ತದೆ, ಯಾವ ಮಗು ಅಳುವವರನ್ನು ಸಮಾಧಾನಪಡಿಸುತ್ತದೆ, ಯಾವುದು ಕರೆಯದೆಯೇ ನೆರವಿಗೆ ಬರುತ್ತದೆ ಎಂಬುದನ್ನು ಮಕ್ಕಳಿಂದಲೂ, ಅವರ ಗೆಳೆಯರಿಂದಲೂ, ಗುರುಗಳಿಂದಲೂ ಕೇಳಿ ತಿಳಿದುಕೊಂಡಿದ್ದರು. ಎಂಟನೆಯ ತರಗತಿಯ ವಿದ್ಯಾಸಾಧನೆಯನ್ನು ಮುಂಚಿತವಾಗಿ ಹೇಳುವುದಕ್ಕೆ ಮೂರನೆಯ ತರಗತಿಯ ಅಂಕಗಳಿಗಿಂತ ಆ ವಯಸ್ಸಿನ ಈ ಒಳ್ಳೆಯತನವೇ ಹೆಚ್ಚು ಉಪಯೋಗಕ್ಕೆ ಬಂತಂತೆ! ಅಮೆರಿಕದಲ್ಲಿ ಇದಕ್ಕಿಂತ ದೀರ್ಘವಾದುದೊಂದು ನಡೆದಿದೆ. ಬಾಲವಾಡಿಯ ವಯಸ್ಸಿನ 753 ಮಕ್ಕಳ ನಡತೆಗೆ ಗುರುಗಳು ಅಂಕ ಹಾಕಿದರು. ಮಕ್ಕಳು 25 ವರ್ಷದವರಾಗುವವರೆಗೂ ಹಿಂಬಾಲಿಸಿ, 2015ರಲ್ಲಿ ವರದಿ ಬರೆದರು. ಮನೆಯ ಬಡತನ ಮುಂತಾದುವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಹಂಚಿಕೊಳ್ಳುವ, ಇತರರಿಗೆ ಒದಗುವ ಗುಣದಲ್ಲಿ ಒಂದು ಅಂಕ ಹೆಚ್ಚಿದ್ದ ಮಗು ಮುಂದೆ ಪದವೀಧರವಾಗುವ ಸಂಭವ ಎರಡರಷ್ಟು ಎಂದು ಕಂಡುಬಂತು.

ಎರಡು ಸಂಗತಿಗಳು ಜೊತೆಯಾಗಿ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಬಾರದೆಂದು ನಮ್ಮ ಅರ್ಥಶಾಸ್ತ್ರದ ಗುರುಗಳು ಪದೇ ಪದೇ ಎಚ್ಚರಿಸುತ್ತಾರೆ, ಅದನ್ನು ಮರೆತಿಲ್ಲ. ಆದರೆ ಕಾರಣ ಹೇಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ನನಗೆ ಭಿನ್ನರಾಶಿ ತಿಳಿಯದೆ ಇದ್ದುದು ದಡ್ಡತನದಿಂದಲ್ಲ, ಕೇಳಲು ಹೆದರಿಕೆಯಿಂದ. ಅಕ್ಕನನ್ನು ಕೇಳಲು ಹೆದರಿಕೆ ಇರಲಿಲ್ಲ. ಹತ್ತು ಸಲ ಕೇಳಿದರೂ ಅವಳು ರೊಟ್ಟಿಯಿಂದ ಹೋಳಿಗೆಗೆ, ಹೋಳಿಗೆಯಿಂದ ಕಲ್ಲಂಗಡಿಗೆ ಹೋಗುತ್ತಿದ್ದಳೇ ಹೊರತು ಗದರುತ್ತಿರಲಿಲ್ಲ. ಇನ್ನು ಅವಳ ಕಡೆಯಿಂದ ನೋಡಿದರೆ, ಹತ್ತು ಬಗೆಯಲ್ಲಿ ಹೇಳಬೇಕಾದವಳಿಗೆ ಆ ವಿಷಯದ ಹತ್ತು ಮುಖಗಳೂ ಕಾಣಲೇಬೇಕು. ಆ ವರ್ಷ ಗಣಿತದಲ್ಲಿ ಅವಳನ್ನು ಮೀರಿಸಿದವರಿಲ್ಲ. ಮೇಲಾಗಿ ಸ್ನೇಹವಿರುವ ಶಾಲೆಗೆ ಮಕ್ಕಳು ಬರುತ್ತಾರೆ. ಬಂದರೆ ತಾನೆ ಕಲಿಯುವುದು?

ಇದಕ್ಕೆ ನಮ್ಮ ನಾಡಿನಲ್ಲಿಯೇ ಪ್ರಯೋಗ ನಡೆದಿದೆ, ನಾನೇ ಅದರ ಶಿಶು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಎಂಬ ಕ್ರಮ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. 2010ರಲ್ಲಿ ನಾನು ಒಂದನೆಯ ತರಗತಿಗೆ ಸೇರಿದೆ. ಮೊದಲ ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕುಳಿತುಕೊಳ್ಳುತ್ತಿದ್ದೆವು. ಆ ಗುಂಪಿಗೆ ‘ತಟ್ಟೆ’ ಎಂದು ಹೆಸರು. ಒಂದು ತಟ್ಟೆಯವರಿಗೆ ಗುರುಗಳ ನೆರವು, ಇನ್ನೊಂದು ತಟ್ಟೆಯವರಿಗೆ ಗೆಳೆಯರ ನೆರವು, ಮತ್ತೊಂದು ತಟ್ಟೆಯವರು ತಮ್ಮಷ್ಟಕ್ಕೆ ತಾವೇ ಕಲಿಯತಕ್ಕದ್ದು. ನೆರವು ಕೇಳುವುದು ಅವಮಾನವೆಂದು ನಮಗೆ ಆಗ ತಿಳಿದೇ ಇರಲಿಲ್ಲ. ನಾಲ್ಕನೆಯ ತರಗತಿಗೆ ಬಂದೆವು. ತಟ್ಟೆಗಳು ಮಾಯವಾಗಿ ಸಾಲುಗಳು ಬಂದವು. ಮುಂದಿನ ಸಾಲು ಜಾಣರದು, ಹಿಂದಿನದು ದಡ್ಡರದು. ಮೂರು ವರ್ಷ ಕಲಿಸಿದ್ದನ್ನು ಮೂರು ವಾರದಲ್ಲಿ ಮರೆಸುವುದು ಹೇಗೆಂಬುದನ್ನು ನಮ್ಮ ವಿದ್ಯಾಪದ್ಧತಿಯಿಂದ ತಿಳಿಯಬೇಕು.

ಇಷ್ಟು ಹೇಳಿದ ಮೇಲೆ, ಪರೀಕ್ಷೆಯ ಕೊಠಡಿಯಲ್ಲಿ ಉತ್ತರಪತ್ರಿಕೆಯನ್ನು ಓರೆಯಾಗಿ ಹಿಡಿದು ಹಿಂದಿನವನಿಗೆ ತೋರಿಸುವುದೂ ಪರೋಪಕಾರವೇ ಎಂದು ಕೆಲವು ಮಿತ್ರರು ಕೇಳಬಹುದು. ಕೇಳುವವರು ಯಾರೆಂದು ನನಗೆ ಗೊತ್ತು. ಅಲ್ಲ, ಮಹಾಶಯರೆ! ಅಕ್ಕ ನನಗೆ ರೊಟ್ಟಿಯ ಲೆಕ್ಕ ಹೇಳಿಕೊಟ್ಟಳೇ ಹೊರತು ನನ್ನ ಸ್ಲೇಟಿನ ಮೇಲೆ ಉತ್ತರ ಬರೆಯಲಿಲ್ಲ. ವರ್ಷವೆಲ್ಲ ಹಿಂದಿನ ಬೆಂಚಿನವನ ಮುಖ ನೋಡದೆ ಇದ್ದು, ಕಡೆಯ ಮೂರು ಗಂಟೆ ಮಾತ್ರ ಉದಾರಿಯಾಗುವುದಕ್ಕೆ ಬೇರೆ ಹೆಸರಿದೆ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಇಟಲಿಯ ಆ ವರದಿಯನ್ನು ಓದಿ ಮುಗಿಸಿದ ದಿನ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಉಪಕಾರಿಯಾದ ಮಗು ಶಾಲೆಯಲ್ಲಿ ಮುಂದೆ ಬರುತ್ತದೆಂಬುದು ನಿಜವಾದರೆ, ಅಕ್ಕ ಈ ಹೊತ್ತಿಗೆ ಎಲ್ಲಿರಬೇಕಿತ್ತು? ಅವಳು ಏಳನೆಯ ತರಗತಿಯನ್ನು 2015ರಲ್ಲಿ ಮುಗಿಸಿದಳು. ಹೈಸ್ಕೂಲು ಇದ್ದುದು ಆರು ಕಿಲೋಮೀಟರು ಆಚೆ. ಎಂಟನೆಯ ತರಗತಿಗೆ ಸೇರಿದವರಿಗೆ ಸರ್ಕಾರದ ಸೈಕಲ್ಲು ಬರುತ್ತಿತ್ತು, ಸೇರಿದರೆ ತಾನೆ? ಆ ವರ್ಷ ಅವಳ ತಂದೆತಾಯಿಗಳು ಗುಳೆ ಹೋದರು. ಅಜ್ಜಿಯನ್ನೂ ತಮ್ಮನನ್ನೂ ಎಮ್ಮೆಯನ್ನೂ ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾಗಿತ್ತು. ‘ಅವಳು ಬಲು ಒಳ್ಳೆಯ ಹುಡುಗಿ, ಎಲ್ಲ ಸಂಭಾಳಿಸುತ್ತಾಳೆ’ ಎಂದು ಊರೆಲ್ಲ ಹೊಗಳಿತು. ಆ ಹೊಗಳಿಕೆಯಲ್ಲಿಯೇ ಅವಳ ಓದು ಮುಗಿಯಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕೆಂಬ ಕಾನೂನು 2010ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿತ್ತು. ಅವಳಿಗೆ ಆಗ ಹದಿಮೂರು. ಕಾನೂನು ನಮ್ಮ ಓಣಿಯವರೆಗೆ ಬರಲಿಲ್ಲ. ನಾವೂ ಹೋಗಿ ಕರೆಯಲಿಲ್ಲ.

ಇಟಲಿಯ ಆ ಮಕ್ಕಳಿಗೂ ಅಕ್ಕನಿಗೂ ಇರುವ ಅಂತರ ಗುಣದ್ದಲ್ಲ. ಅವರು ಎಂಟನೆಯ ತರಗತಿಯಲ್ಲಿ ಶಾಲೆಯಲ್ಲಿದ್ದರು, ಅಳೆಯುವವರ ಕೈಗೆ ಸಿಕ್ಕರು. ಇವಳು ಶಾಲೆಯಲ್ಲಿಯೇ ಇರಲಿಲ್ಲ. ಉಪಕಾರಬುದ್ಧಿ ವಿದ್ಯೆಯನ್ನು ಬೆಳೆಸುತ್ತದೆ ಎಂಬ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಶಾಲೆಯಲ್ಲಿ ಉಳಿದವರ ಮಟ್ಟಿಗೆ. ಹೊರಗೆ ಅದೇ ಗುಣವನ್ನು ಮನೆ ಮತ್ತು ಊರು ಕೂಲಿಯಿಲ್ಲದ ದುಡಿಮೆಯಾಗಿ ಬಳಸಿಕೊಳ್ಳುತ್ತವೆ. 1823ರ 60 ಹೆಣ್ಣುಮಕ್ಕಳ ಲೆಕ್ಕವನ್ನು ನೆನಪಿನಲ್ಲಿಡಿ ಎಂದೆನಲ್ಲ. ಉಳಿದ ಹೆಣ್ಣುಮಕ್ಕಳು ಅಂದು ಎಲ್ಲಿದ್ದರೆಂದು ಯೋಚಿಸುವಾಗ, ಅವರ ಸೊಂಟದ ಮೇಲೂ ಒಂದೊಂದು ತಮ್ಮ ಇದ್ದಿರಬೇಕೆಂದು ನನಗೆ ತೋರುತ್ತದೆ.

ಶಾಲೆಯ ಒಳಗೂ ಇಂಥ ಬಳಕೆ ಇಲ್ಲದೆ ಇಲ್ಲ. ‘ಸೇವಾ ಮನೋಭಾವ’ ಎಂದು ಹೇಳಿ ಮಕ್ಕಳಿಂದ ಕಸ ಗುಡಿಸುವುದು, ನೀರು ತರಿಸುವುದು ನಾವೆಲ್ಲ ಕಂಡದ್ದೇ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ, ಎಲ್ಲ ಮಕ್ಕಳೂ ಮಾಡುವುದಾದರೆ. ಆದರೆ ನಾನು ಓದಿದ ಒಂದು ಶಾಲೆಯಲ್ಲಿ ಪೊರಕೆ ಯಾವಾಗಲೂ ಒಂದೇ ಕೇರಿಯ ಮಕ್ಕಳ ಕೈಗೆ ಹೋಗುತ್ತಿತ್ತು. ಬಿಂದಿಗೆ ಯಾವಾಗಲೂ ಬೇರೆಯವರ ಕೈಗೆ. ಬೆಳಗಿನ ಪ್ರಾರ್ಥನೆಯಲ್ಲಿ ದಯೆಯನ್ನು ಕುರಿತ ವಚನವನ್ನು ಎಲ್ಲರೂ ಒಂದೇ ರಾಗದಲ್ಲಿ ಹಾಡುತ್ತಿದ್ದೆವು. ಯಾವ ಶಾಲೆ ಎಂದು ಹೇಳುವ ಅಗತ್ಯವಿಲ್ಲ. ಓದುಗರಲ್ಲಿ ಕೆಲವರಿಗೆ ತಮ್ಮ ಶಾಲೆಯೇ ನೆನಪಿಗೆ ಬಂದಿದ್ದರೆ ಅದು ನನ್ನ ತಪ್ಪಲ್ಲ.

ಪರರ ದೋಷ ಹೇಳಿದ್ದಾಯಿತು, ಇನ್ನು ನನ್ನದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ.

2020ರಲ್ಲಿ ನಾನು ಎಸ್.ಎಸ್.ಎಲ್.ಸಿ. ಮಾರ್ಚ್ ಕೊನೆಗೆ ನಡೆಯಬೇಕಾಗಿದ್ದ ಪರೀಕ್ಷೆ ಕೊರೋನಾ ಕಾರಣದಿಂದ ನಿಂತು, ಜೂನ್ 25ಕ್ಕೆ ಆರಂಭವಾಯಿತು. ನಡುವೆ ಮೂರು ತಿಂಗಳು ಶಾಲೆಯಿಲ್ಲ. ನನ್ನ ಸಹಪಾಠಿಯೊಬ್ಬ ಆ ವರ್ಷ ಶೇಂಗಾ ಕೀಳುವ ಹಂಗಾಮಿನಲ್ಲಿ ಒಂದೂವರೆ ತಿಂಗಳು ತರಗತಿಗೆ ಬಂದಿರಲಿಲ್ಲ. ಅವನ ಮನೆಯಲ್ಲಿ ಫೋನೂ ಇರಲಿಲ್ಲ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಉರಿಬಿಸಿಲಿನಲ್ಲಿ ಮೂರು ಮೈಲಿ ನಡೆದು ನಮ್ಮ ಮನೆಗೆ ಬಂದು ಇಂಗ್ಲಿಷ್ ನೋಟ್ಸು ಕೇಳಿದ. ಎರಡು ದಿನದಲ್ಲಿ ಬರೆದುಕೊಂಡು ತಂದುಕೊಡುತ್ತೇನೆ ಎಂದ. ನೋಟ್ಸು ಒಳಗೆ ಟ್ರಂಕಿನ ಮೇಲೆಯೇ ಇತ್ತು. “ಬೇರೆಯವನು ಒಯ್ದಾನ, ಇನ್ನೂ ತಂದುಕೊಟ್ಟಿಲ್ಲ” ಎಂದು ಹೇಳಿದೆ.

ಏಕೆ ಹಾಗೆ ಹೇಳಿದೆನೆಂದು ಇಂದಿಗೂ ಸರಿಯಾಗಿ ಹೇಳಲಾರೆ. ಅವನು ನನಗಿಂತ ಹೆಚ್ಚು ಅಂಕ ತೆಗೆಯುತ್ತಾನೆಂಬ ಭಯವಿರಲಿಲ್ಲ. ಅವನು ಹಿಂದಿನ ಸಾಲಿನವನು. ಆದರೆ ಆ ವೇಳೆಗೆ ನನಗೆ ಮುಂದಿನ ಸಾಲಿನ ಅಭ್ಯಾಸವಾಗಿತ್ತು. ನನ್ನದು ನನ್ನದೇ ಆಗಿರಬೇಕು, ಅದರಲ್ಲಿಯೇ ನನ್ನ ಹೆಚ್ಚುಗಾರಿಕೆ ಎಂಬ ಬುದ್ಧಿ ಬಂದುಬಿಟ್ಟಿತ್ತು. ಅವನು ಒಂದು ಚೊಂಬು ನೀರು ಕುಡಿದು ಹೋದ. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅವ್ವ ಅಂದು ರಾತ್ರಿ ಊಟ ಬಡಿಸುವಾಗ ಒಂದೂ ಮಾತಾಡಲಿಲ್ಲ.

ಅವನು ಇಂಗ್ಲಿಷಿನಲ್ಲಿ ನಪಾಸಾದ. ಸೆಪ್ಟೆಂಬರಿನ ಪೂರಕ ಪರೀಕ್ಷೆಗೆ ಕೂರಲಿಲ್ಲ. ಈಗ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾನೆಂದು ಕೇಳಿದ್ದೇನೆ. ನನ್ನ ನೋಟ್ಸು ಕೊಟ್ಟಿದ್ದರೆ ಅವನು ಪಾಸಾಗಿಬಿಡುತ್ತಿದ್ದನೆಂಬ ಅಹಂಕಾರ ನನಗಿಲ್ಲ. ನನ್ನ ನೋಟ್ಸು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಪಾಸಾಗುತ್ತಿದ್ದನೋ ಇಲ್ಲವೋ ಎಂಬುದು ತಿಳಿಯುವ ಅವಕಾಶವನ್ನು ನಾನು ಉಳಿಸಲಿಲ್ಲ. ನನಗೆ ಆ ಸಲ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಬಂತು. ಸ್ಪರ್ಧೆಯೇ ವಿದ್ಯೆಗೆ ಪ್ರೇರಣೆ ಎಂದು ವೇದಿಕೆಯ ಮೇಲೆ ಕೈ ಎತ್ತಿ ಹೇಳುವಾಗ ನನಗೆ ನೆನಪಿಗೆ ಬಂದದ್ದು ಆ ಚೊಂಬು.

ಇದಕ್ಕೆ ಪರಿಹಾರವೇನೆಂದು ಕೇಳಿದರೆ, ಮಕ್ಕಳಿಗೆ ಇನ್ನಷ್ಟು ನೀತಿಪಾಠ ಹೇಳಬೇಕೆಂದು ಕೆಲವರು ಸೂಚಿಸುತ್ತಾರೆ. ನಾನು ಒಪ್ಪುವುದಿಲ್ಲ. ನನಗೆ ನೀತಿಪಾಠದಲ್ಲಿ ನೂರಕ್ಕೆ ತೊಂಬತ್ತು ಬರುತ್ತಿತ್ತು. ಏರ್ಪಾಡು ಬದಲಾದರೆ ಗುಣವೂ ಬದಲಾಗುತ್ತದೆಂದು ನನ್ನ ಭಾವನೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಕರಿಯರ, ಬಿಳಿಯರ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಜಗಳವೋ ಜಗಳ. ಎಲಿಯಟ್ ಆರನ್ಸನ್ ಎಂಬ ಪ್ರಾಧ್ಯಾಪಕರು ಉಪದೇಶ ಮಾಡಲಿಲ್ಲ. ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡನ್ನು ಕೊಟ್ಟರು. ಪೂರ್ತಿ ಪಾಠ ಬೇಕೆಂದರೆ ಉಳಿದವರ ಮಾತು ಕೇಳಲೇಬೇಕು. ಕೆಲವು ವಾರಗಳಲ್ಲಿ ಜಗಳ ತಗ್ಗಿತು. ಹಿಂದೆ ಬಿದ್ದಿದ್ದ ಮಕ್ಕಳ ಅಂಕವೂ ಏರಿತು. ರೊಟ್ಟಿಯ ತುಂಡಿನ ಲೆಕ್ಕ ಇಲ್ಲಿಯೂ ಬಂತು ನೋಡಿ.

ನಮ್ಮ ಕಾಲೇಜಿನ ಮಟ್ಟಿಗೆ ಹೇಳುವುದಾದರೆ ಅಷ್ಟು ದೂರ ಹೋಗಬೇಕಾಗಿಲ್ಲ. 2022ರಲ್ಲಿ ನಾನು ಇಲ್ಲಿಗೆ ಪ್ರವೇಶಕ್ಕೆ ಬಂದ ದಿನ ಕೈಯಲ್ಲಿ ಟಿ.ಸಿ. ಇತ್ತು, ಅಂಕಪಟ್ಟಿ ಇತ್ತು, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಕಿಟಕಿಯ ಒಳಗಿನವರು ಒಂದೇ ಮಾತಿನಲ್ಲಿ ಆಗುವುದಿಲ್ಲ ಎಂದರು. ನನ್ನ ಹಿಂದೆ ಅಪ್ಪ ಟವಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದ. ಊರಿಗೆ ಹೋಗೋಣ ನಡಿ ಎಂದೂ ಹೇಳಿದ್ದ. ಆಗ ಅಂತಿಮ ವರ್ಷದ ಹುಡುಗನೊಬ್ಬ ಬಂದು, ನಾಡಕಚೇರಿಯಲ್ಲಿ ಯಾವ ಅರ್ಜಿ ಕೊಡಬೇಕು, ವಿದ್ಯಾರ್ಥಿವೇತನಕ್ಕೆ ಏನೇನು ಬೇಕು, ಹಾಸ್ಟೆಲಿಗೆ ಎಂದು ಹಾಕಬೇಕು ಎಂಬುದನ್ನೆಲ್ಲ ನನ್ನ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದುಕೊಟ್ಟ. ಅವನ ಹೆಸರನ್ನು ಕೇಳುವುದಕ್ಕೂ ತೋಚಲಿಲ್ಲ. ಓದಿದವರ ಮನೆಯ ಮಕ್ಕಳಿಗೆ ಈ ವಿಷಯಗಳು ಊಟದ ಹೊತ್ತಿನಲ್ಲಿಯೇ ತಿಳಿದುಹೋಗುತ್ತವೆ. ನಮ್ಮಂಥವರಿಗೆ ಅಂದು ಆ ಕಂಬದ ಬಳಿ ಒಬ್ಬ ಸಿಗದಿದ್ದರೆ ಮೂರು ವರ್ಷದ ಪದವಿಯೇ ಇಲ್ಲ.

ಅದು ಅದೃಷ್ಟಕ್ಕೆ ಬಿಟ್ಟ ವಿಷಯವಾಗಬಾರದು. ಪ್ರವೇಶದ ಹದಿನೈದು ದಿನ ಅಂತಿಮ ವರ್ಷದವರು ಸರದಿಯಂತೆ ಇಬ್ಬರಿಬ್ಬರು ಕಚೇರಿಯ ಮುಂದೆ ಒಂದು ಮೇಜು ಹಾಕಿಕೊಂಡು ಕುಳಿತರೆ ಸಾಕು. ವಾರಕ್ಕೆ ಎರಡು ದಿನ ಕಡೆಯ ಅವಧಿಯ ನಂತರ, ಸಂಜೆಯ ಬಸ್ಸಿಗೆ ಮುನ್ನ ಇರುವ ಒಂದು ಗಂಟೆಯನ್ನು ಮೊದಲ ವರ್ಷದವರ ಇಂಗ್ಲಿಷಿಗೆ ಕೊಡಬಹುದು. ಆ ಗಂಟೆಯಲ್ಲಿ ನಾವು ಈಗ ಮಾಡುವುದೇನೆಂಬುದು ಕ್ಯಾಂಟೀನಿನವರಿಗೆ ಗೊತ್ತು. ಪ್ರಾಂಶುಪಾಲರು ಒಂದು ಕೊಠಡಿಯ ಬೀಗದ ಕೈ ಕೊಟ್ಟರೆ ನಾನು ಈ ತಿಂಗಳಿನಿಂದಲೇ ಕೂರಲು ಸಿದ್ಧ. ಕಲಿಸುವಾಗ ನನ್ನ ಇಂಗ್ಲಿಷೂ ಸುಧಾರಿಸೀತೆಂಬ ಸ್ವಾರ್ಥವನ್ನು ಮರೆಮಾಚುವುದಿಲ್ಲ. ಕ್ಯಾಂಬೆಲ್ ಸಾಹೇಬರ ಒಪ್ಪಿಗೆಯೂ ಇದಕ್ಕಿದೆ.

ಈ ಸಲದ ದಸರೆಗೆ ಅಕ್ಕ ತವರಿಗೆ ಬಂದಿದ್ದಳು. ಸೊಂಟದ ಮೇಲೆ ಈಗ ತಮ್ಮನಲ್ಲ, ಅವಳ ಮಗಳು. ಏನು ಓದುತ್ತಿದ್ದೀಯೆಂದು ಕೇಳಿದಳು. ಈ ಲೇಖನದ ವಿಷಯ ಹೇಳಿದೆ. ಒಬ್ಬರಿಗೊಬ್ಬರು ಕಲಿಸಿದರೆ ಇಬ್ಬರಿಗೂ ವಿದ್ಯೆ ಬರುತ್ತದೆಂದು ದೊಡ್ಡ ದೊಡ್ಡ ದೇಶದ ಪಂಡಿತರು ಕಂಡುಹಿಡಿದಿದ್ದಾರೆಂದು ವಿವರಿಸಿದೆ. ಎಲ್ಲ ಕೇಳಿ, “ಇಷ್ಟು ತಿಳಿಯಾಕ ಅವರಿಗೆ ಅಷ್ಟು ವರ್ಷ ಬೇಕಾತೇನಲೇ?” ಎಂದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊರಗಿನಿಂದ ಎಸ್.ಎಸ್.ಎಲ್.ಸಿ. ಕಟ್ಟುವುದಕ್ಕೆ ವಯಸ್ಸಿನ ಮಿತಿ ಏನಾದರೂ ಇದೆಯೇ ಎಂದು ಕೇಳಿದಳು. ಖಾಸಗಿಯಾಗಿ ಕೂರಬಹುದು, ಅರ್ಜಿ ನಾನು ತಂದುಕೊಡುತ್ತೇನೆ ಎಂದೆ. ಗಣಿತ ತನಗೆ ಬರುತ್ತದೆ, ಇಂಗ್ಲಿಷಿಗೆ ಏನು ಮಾಡುವುದೆಂದಳು.

ಟ್ರಂಕಿನಿಂದ ಆ 2020ರ ನೋಟ್ಸನ್ನು ತೆಗೆದು ಅವಳಿಗೆ ಕೊಟ್ಟಿದ್ದೇನೆ. ಪಠ್ಯ ಬದಲಾಗಿದ್ದರೂ ವ್ಯಾಕರಣ ಬದಲಾಗಿಲ್ಲ. ಮೊದಲ ವರ್ಷದ ಇತಿಹಾಸದ ನನ್ನ ಟಿಪ್ಪಣಿಗಳು ಮೂರು ಪುಸ್ತಕ ಇವೆ. ಅವನ್ನು ಗ್ರಂಥಪಾಲಕರ ಮೇಜಿನ ಮೇಲೆ ಇಟ್ಟುಬಂದಿದ್ದೇನೆ. ಬೇಕಾದವರು ಸಹಿ ಮಾಡಿ ಒಯ್ಯಬಹುದು. ಮೂರನೆಯ ಪುಸ್ತಕದ ಕಡೆಯ ಎರಡು ಪುಟಗಳನ್ನು ಹಾಸ್ಟೆಲಿನ ಇಲಿ ತಿಂದಿದೆ. ಆ ಭಾಗವನ್ನು ಗುರುಗಳನ್ನೇ ಕೇಳಬೇಕು.